ಹೊಳೆ ದಾಟಿಸಿದ್ದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಯಾರಾದರೂ ಕರುಣೆಯಿಂದ ನನ್ನ ಪರ ವಹಿಸಲು ಹೊರಡುತ್ತಾರೆ, ಅದು ನನಗೆ ಆಗಿಬರುವುದಿಲ್ಲ. ಚಿಕ್ಕವಳಿದ್ದಾಗ ಅಕ್ಕನ ಉದ್ದ ಜಡೆ ಕಂಡು ಉರಿದವಳು ನಾನು. ಮದುವೆಯಾದ ಮೇಲೆ ಓರಗಿತ್ತಿಯ ಮಿಕ್ಸಿ ಕಂಡು ಉರಿದೆ. ಅವೆಲ್ಲ ಬಂದವು, ಹೋದವು. ಆದರೆ ಮೂವತ್ತೆರಡು ವರ್ಷ ವಯಸ್ಸಾಗಿ, ಎರಡು ಮಕ್ಕಳನ್ನು ಹೆತ್ತು, ಸರಕಾರಿ ಕೆಲಸದಲ್ಲಿದ್ದುಕೊಂಡು ಒಂದು ಬೆಕ್ಕಿನ ಮರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ, ಅದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುತ್ತೂರಿನಿಂದ ಉಪ್ಪಿನಂಗಡಿಗೆ ಹೋಗುವ ಮಾರ್ಗದ ಬದಿಯಲ್ಲಿ ನಮ್ಮದು ಬಾಡಿಗೆ ಮನೆ. ನನ್ನ ಗಂಡ ಸುಳ್ಯ ಲೈನಿನ ಖಾಸಗಿ ಬಸ್ಸಿನ ಡ್ರೈವರ್. ಮುಂಜಾನೆ ಮಕ್ಕಳು ಏಳುವ ಮೊದಲು ಹೋದರೆ ಅವರು ಮಲಗಿದ ಮೇಲೆಯೇ ಬರುವುದು. ನಾನು ಹೊಳೆಯಾಚೆಯ ಒಂದು ಹಳ್ಳಿಯಲ್ಲಿ ಸರಕಾರಿ ದಾದಿ. ಬೆಳಿಗ್ಗೆ ಉಪ್ಪಿನಂಗಡಿಯವರೆಗೆ ಬಸ್ಸು, ಅಲ್ಲಿಂದ ನೇತ್ರಾವತಿಯ ಸೇತುವೆ ದಾಟಿ ಮುಂದೆ ನಡಿಗೆ. ಮನೆಯಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಅವರನ್ನು ನೋಡಿಕೊಳ್ಳಲು ಅತ್ತೆ.

ನನ್ನ ಕೆಲಸ ಹೇಗಿತ್ತೆಂದರೆ, ನನ್ನನ್ನು ಕಂಡರೆ ಊರ ಮಕ್ಕಳೆಲ್ಲ ಅಟ್ಟ ಹತ್ತುತ್ತಿದ್ದವು. ಬಿಳಿ ಸೀರೆ, ಕೈಯಲ್ಲಿ ಚೀಲ, ಚೀಲದೊಳಗೆ ಸಿರಿಂಜು ಕುದಿಸುವ ಡಬ್ಬಿ. ಉಣ್ಣದ ಮಕ್ಕಳಿಗೆ ತಾಯಂದಿರು ನನ್ನ ಹೆಸರು ಹೇಳಿ ಹೆದರಿಸುತ್ತಿದ್ದರು. ಗುಮ್ಮನ ಕೆಲಸವನ್ನೂ ನನ್ನಿಂದಲೇ ಮಾಡಿಸಿಕೊಳ್ಳುತ್ತಿದ್ದರು ಎನ್ನಿ. ದಿನವಿಡೀ ಅಳುವ ಮೋರೆಗಳನ್ನೇ ನೋಡಿ ಸಂಜೆ ಬಸ್ಸು ಇಳಿದರೆ, ನಮ್ಮ ಮನೆಯೆದುರಿನ ಮೋರಿಕಟ್ಟೆಯ ಮೇಲೆ ನನ್ನ ಎರಡು ಮಕ್ಕಳು ಕುಳಿತಿರುತ್ತಿದ್ದರು. ಬಸ್ಸು ನಿಲ್ಲುವುದರೊಳಗೆ ಮಗ ಓಡಿ ಬಂದು ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿದ್ದ, ಸೀರೆಯ ನೆರಿಗೆಯಲ್ಲಿ ಮೂಗು ಹುದುಗಿಸಿ ಡೆಟ್ಟಾಲಿನ ವಾಸನೆ ಎಳೆಯುತ್ತಿದ್ದ. ಇಡೀ ದಿನದಲ್ಲಿ ನನಗೆ ಸಿಗುತ್ತಿದ್ದ ಸುಖ ಅದೊಂದೇ. ಅದಕ್ಕಾಗಿ ನಾನು ಸೇತುವೆಯ ಮೇಲೆ ಬಹುತೇಕ ಓಡುತ್ತಲೇ ಬರುತ್ತಿದ್ದೆ.

ಒಂದು ಸಂಜೆ ಬಸ್ಸು ಇಳಿದರೆ ಮೋರಿಕಟ್ಟೆ ಖಾಲಿ. ಯಾರು ಬಿದ್ದರೋ, ಯಾರಿಗೆ ಏನು ಕಚ್ಚಿತೋ ಎಂದು ಅಂಗಳ ಹತ್ತಿದರೆ, ಇಬ್ಬರೂ ಜಗಲಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಮಗುಚಿಟ್ಟ ಒಂದು ಬುಟ್ಟಿಯೊಳಗೆ ಇಣುಕುತ್ತಿದ್ದರು. ಅತ್ತೆ ಆ ದಿನ ಸವಣೂರಿನ ತನ್ನ ತಮ್ಮನ ಮನೆಗೆ ಹೋಗಿದ್ದವರು ಅಲ್ಲಿಂದ ಮರಿಯನ್ನು ತಂದಿದ್ದರು. ಇಲಿಗಳು ಅಕ್ಕಿ ಗೋಣಿ ಬಿಡಿ, ಮೈ ಸಾಬೂನನ್ನೂ ತಿನ್ನುತ್ತಿದ್ದ ಕಾಲ ಅದು. ಬೂದಿ ಬಣ್ಣದ ಮೈ, ಒಂದು ಕಿವಿ ಮಾತ್ರ ಬಿಳಿ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ನಾನು ಬಂದದ್ದನ್ನು ಮಗ ನೋಡಿದ. ನೋಡಿ, ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನೇ ಸುಮ್ಮನಿರಿಸಿದ.

ಅದಕ್ಕೆ ಹೆಸರು ಇಡುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮದು ತುಳು ಮಾತಾಡುವ ಮನೆ, ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಎನ್ನುತ್ತೇವೆ, ಅದೂ ಪುಚ್ಚೆಯೇ ಆಯಿತು. ಮೊದಲ ವಾರ ಮರಿಗೂ ಮಕ್ಕಳಿಗೂ ಹೊಂದಿಕೆಯಾಗಲು ಸಾಕುಬೇಕಾಯಿತು. ಮಗ ಅದರ ಬಾಲ ಎಳೆದ, ಅದು ಅವನ ಮುಂಗೈ ಗೀರಿತು. ಮಗಳು ಗೊಂಬೆಯ ಲಂಗ ತೊಡಿಸಲು ಹೋದಳು, ಅದು ಲಂಗ ಸಮೇತ ಹಂಡೆಯ ಹಿಂದೆ ಅಡಗಿ ಮೈಯೆಲ್ಲ ಮಸಿ ಮಾಡಿಕೊಂಡಿತು. ಅತ್ತೆ ಕೂತಲ್ಲಿಂದಲೇ ಪಾಠ ಹೇಳುತ್ತಿದ್ದರು: ಉಣ್ಣುವಾಗ ಮುಟ್ಟಬಾರದು, ಮಲಗಿದಾಗ ಎಬ್ಬಿಸಬಾರದು, ಅದಾಗಿ ಬಂದರೆ ಮಾತ್ರ ಎತ್ತಿಕೊಳ್ಳಬೇಕು. ಹತ್ತು ದಿನದಲ್ಲಿ ಮೂವರೂ ಪಳಗಿದರು. ಪಳಗದೆ ಉಳಿದವಳು ನಾನೊಬ್ಬಳು.

ಸಂಜೆ ಮೋರಿಕಟ್ಟೆಗೆ ಬರುವುದು ನಿಂತೇಹೋಯಿತು. ನಾನು ಉಪ್ಪಿನಂಗಡಿಯ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿ ತರತೊಡಗಿದೆ. ಲಂಚವೇ ಅದು, ಬೇರೆ ಹೆಸರು ಬೇಡ. ಮಗ ತೆಗೆದುಕೊಂಡ, ಅರ್ಧ ಮುರಿದು ಪುಚ್ಚೆಯ ಮುಂದಿಟ್ಟ. ಅದು ಮೂಸಿ ನೋಡಿ ಮೋರೆ ತಿರುಗಿಸಿತು. ನಾನು ಬಿಸಿ ಆರದಿರಲಿ ಎಂದು ಸೆರಗಿನಲ್ಲಿ ಸುತ್ತಿ ತಂದದ್ದು ನೆಲದ ಮೇಲೆ ಬಿದ್ದಿತ್ತು, ಮಗ ಅದಕ್ಕಾಗಿ ಬೆಕ್ಕಿನ ಬಳಿ ಕ್ಷಮೆ ಕೇಳುವವನಂತೆ ತಲೆ ಸವರುತ್ತಿದ್ದ. ನಿದ್ದೆ ಬರಬೇಕಾದರೆ ಅವನಿಗೆ ನನ್ನ ಕಿವಿಯ ಹಾಲೆ ಹಿಡಿದುಕೊಳ್ಳುವ ಅಭ್ಯಾಸವಿತ್ತು, ಹುಟ್ಟಿದಂದಿನಿಂದ. ಈಗ ಅದರ ಬಿಳಿ ಕಿವಿ ಹಿಡಿದು ಮಲಗುತ್ತಿದ್ದ. ನನ್ನ ಎರಡು ಕಿವಿಗಳೂ ಕೆಲಸವಿಲ್ಲದೆ ಬಿದ್ದಿದ್ದವು.

ಹೊಟ್ಟೆಕಿಚ್ಚನ್ನು ಹಾಗೆಯೇ ಹೊರಗೆ ಹಾಕಲು ಆಗುತ್ತದೆಯೇ? ನಾನು ಆರೋಗ್ಯ ಇಲಾಖೆಯನ್ನು ಅಡ್ಡ ತಂದೆ. ಬೆಕ್ಕಿನ ಕೂದಲಿನಿಂದ ದಮ್ಮು ಬರುತ್ತದೆ, ಹುಳ ಬರುತ್ತದೆ, ಗೀರಿದರೆ ನಂಜಾಗುತ್ತದೆ ಎಂದು ಮಹಿಳಾ ಮಂಡಲದಲ್ಲಿ ಭಾಷಣ ಮಾಡುವ ಸ್ವರದಲ್ಲಿಯೇ ಅತ್ತೆಗೆ ವಿವರಿಸಿದೆ. ಅತ್ತೆ ಬಸಳೆ ಸೋಸುತ್ತ ಪೂರ್ತಿ ಕೇಳಿದರು. ತಾನು ಆರು ಮಕ್ಕಳನ್ನು ಬೆಕ್ಕುಗಳ ಜೊತೆಯಲ್ಲೇ ಸಾಕಿದ್ದು, ಒಬ್ಬರಿಗೂ ದಮ್ಮು ಬರಲಿಲ್ಲ, ಅದರಲ್ಲಿ ಒಬ್ಬನನ್ನು ನೀನೇ ಮದುವೆಯಾಗಿದ್ದೀಯ ಎಂದು ಹೇಳಿ ದಂಟು ಮುರಿದರು. ಗಂಡನಿಗೆ ದೂರು ಕೊಟ್ಟರೆ ಅವರು ನಕ್ಕುಬಿಟ್ಟರು.

"ಬೆಕ್ಕಿನ ಮರಿಯೊಟ್ಟಿಗೆ ಪಂದ್ಯ ಕಟ್ಟಿದ್ದೀಯಾ ಮಾರಾಯ್ತಿ?" ಎಂದರು.

ನಗುವ ಮಾತೇ ಇರಬಹುದು. ನನಗೆ ನಗು ಬರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಮರಿಗೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಮಕ್ಕಳು ಬರದಿದ್ದರೂ ಅದು ಎಷ್ಟೋ ಸಂಜೆ ಬಾಲ ನೆಟ್ಟಗೆ ಮಾಡಿಕೊಂಡು ಅಂಗಳದ ತುದಿಯವರೆಗೆ ಬರುತ್ತಿತ್ತು. ಮೀನಿನ ಚೀಲ ಹಿಡಿದು ಬರುವವಳು ನಾನೇ ಅಲ್ಲವೇ. ನನ್ನ ಬಟ್ಟೆ ಚೀಲ ಎಲ್ಲಿ ಬಿದ್ದಿದ್ದರೂ ಅದರೊಳಗೆ ಹೊಕ್ಕು ಮಲಗುತ್ತಿತ್ತು. ನಾನು ಕಾಲಿನಿಂದ ನೂಕಿದರೆ ಅದನ್ನು ಆಟವೆಂದು ತಿಳಿದು ಮತ್ತೆ ಬರುತ್ತಿತ್ತು. ಅದು ಕೆಟ್ಟದಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಎರಡು ತಿಂಗಳು ಕಳೆದಿರಬೇಕು. ಒಂದು ದಿನ ಹೊಳೆಯಾಚೆಯ ಉಪಕೇಂದ್ರಕ್ಕೆ ಬಸ್ಸಿನ ಕ್ಲೀನರ್ ಹೇಳಿಕಳಿಸಿದ ಸುದ್ದಿ ಬಂತು: ಮಗನಿಗೆ ಬೆಳಗ್ಗಿನಿಂದ ಜ್ವರ. ಕೆಲಸವನ್ನು ಅರ್ಧಕ್ಕೆ ಬಿಟ್ಟು, ಉರಿಬಿಸಿಲಿನಲ್ಲಿ ಸೇತುವೆ ದಾಟಿ, ಸಿಕ್ಕಿದ ಜೀಪು ಹತ್ತಿ ಮನೆಗೆ ಬಂದೆ. ಮಗ ಚಾಪೆಯ ಮೇಲೆ ಕೆಂಪಾಗಿ ಮಲಗಿದ್ದ. ಪುಚ್ಚೆ ಅವನ ಕಂಕುಳಲ್ಲಿತ್ತು. ನಾನು ಅದನ್ನು ಎತ್ತಿ ಆಚೆ ಹಾಕಿ, ಅವನನ್ನು ಮಡಿಲಿಗೆ ಎಳೆದುಕೊಂಡೆ. ಅವನು ಮೈ ಕೊಸರಿದ.

"ನೀನು ಬೇಡ. ಪುಚ್ಚೆ ಬೇಕು."

ಜ್ವರದ ಮಗುವಿನ ಮಾತು. ಅಂಥ ಮಾತಿಗೆ ಬೆಲೆ ಕೊಡಬಾರದೆಂದು ದಿನಕ್ಕೆ ಹತ್ತು ತಾಯಂದಿರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ. ಮಾತ್ರೆ ಪುಡಿ ಮಾಡಿ ಕುಡಿಸಿದೆ, ಹಣೆಗೆ ಒದ್ದೆ ಬಟ್ಟೆ ಇಟ್ಟೆ, ಮರಿಯನ್ನು ಮತ್ತೆ ಅವನ ಪಕ್ಕದಲ್ಲಿ ಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆಯುತ್ತ ನಿಶ್ಚಯ ಮಾಡಿದೆ, ಇದು ಈ ಮನೆಯಲ್ಲಿ ಇರಬಾರದು.

ಬೆಕ್ಕನ್ನು ಬಿಟ್ಟು ಬರುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಬೇಲಿಯಾಚೆ ಬಿಟ್ಟರೆ, ಪಕ್ಕದ ಊರಿನಲ್ಲಿ ಬಿಟ್ಟರೆ ಅದು ವಾಸನೆ ಹಿಡಿದು ತಿರುಗಿ ಬರುತ್ತದೆ. ಹೊಳೆ ದಾಟಿಸಬೇಕು. ನೀರು ಅಡ್ಡ ಬಂದರೆ ಬೆಕ್ಕಿಗೆ ದಾರಿ ಸಿಗುವುದಿಲ್ಲ. ಹಾಗೆ ದಾಟಿಸುವ ಮೊದಲು ಅದಕ್ಕೆ ಹೊಟ್ಟೆ ತುಂಬ, ಸಾಕು ಎನ್ನುವಷ್ಟು ತಿನ್ನಿಸಬೇಕು, ಅದೂ ಮನೆಯ ಹೆಂಗಸು ತನ್ನ ಕೈಯಿಂದ ತಿನ್ನಿಸಬೇಕು. ಹಸಿದ ಬೆಕ್ಕನ್ನು ಕಳಿಸಿದ ಮನೆಯಲ್ಲಿ ಮಕ್ಕಳಿಗೆ ಅನ್ನ ಸೇರುವುದಿಲ್ಲವಂತೆ. ಹಿಂದೆ ಪಕ್ಕದ ಮನೆಯವರು ತಮ್ಮ ಕಳ್ಳ ಬೆಕ್ಕನ್ನು ಹೀಗೆ ಸಾಗಿಸಿದಾಗ ಅತ್ತೆ ಇದನ್ನೆಲ್ಲ ಜಗಲಿಯಲ್ಲಿ ಕೂತು ಮಕ್ಕಳ ಎದುರಿನಲ್ಲೇ ವಿವರವಾಗಿ ಹೇಳಿದ್ದರು. ಹೊಳೆಯನ್ನು ನಾನು ದಿನವೂ ದಾಟುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದು ಬೆಳಿಗ್ಗೆ ಮಾತ್ರ.

ಮಗನ ಜ್ವರ ಬಿಟ್ಟ ನಾಲ್ಕನೆಯ ದಿನ ಆ ಬೆಳಿಗ್ಗೆ ಸಿಕ್ಕಿತು. ಅತ್ತೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು, ಮಕ್ಕಳು ಮಲಗಿದ್ದರು. ನಾನು ಹಿಂದಿನ ದಿನದ ಬೂತಾಯಿ ಮೀನನ್ನು ಎಣ್ಣೆಯಲ್ಲಿ ಕಾಯಿಸಿ, ಮುಳ್ಳು ಬಿಡಿಸಿ, ಅನ್ನದ ಜೊತೆ ಮಿದ್ದು, ಹಿತ್ತಿಲ ಒಗೆಯುವ ಕಲ್ಲಿನ ಬಳಿ ಕುಳಿತೆ. ಪುಚ್ಚೆಯನ್ನು ಮೊದಲ ಬಾರಿಗೆ ಮಡಿಲಿನಲ್ಲಿ ಇಟ್ಟುಕೊಂಡೆ. ತುತ್ತು ತುತ್ತಾಗಿ ಕೊಟ್ಟೆ. ಅದು ನನ್ನ ಬೆರಳುಗಳನ್ನೂ ನೆಕ್ಕಿ, ಗುರುಗುರು ಎನ್ನುತ್ತ ಮತ್ತೆ ನನ್ನ ಮೋರೆ ನೋಡಿತು. "ಉಣ್ಣು, ಉಣ್ಣು, ಎಂತ ಆಗುದಿಲ್ಲ," ಎಂದೆ. ನನ್ನ ಸ್ವರ ನನಗೇ ಇಷ್ಟವಾಗುವಷ್ಟು ಮೆತ್ತಗಿತ್ತು. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ನನ್ನ ಬಟ್ಟೆ ಚೀಲಕ್ಕೆ ಹೊಕ್ಕಿತು. ಮೇಲೆ ಮೈ ಒರೆಸುವ ಒಂದು ಬೈರಾಸು ಮುಚ್ಚಿದೆ.

ಎದ್ದು ತಿರುಗಿದರೆ ಹಿಂಬಾಗಿಲಲ್ಲಿ ಮಗ ನಿಂತಿದ್ದ. ಎದ್ದದ್ದು ಯಾವಾಗಲೋ. ಎಂತ ಬೇಕು ಎಂದು ಕೇಳಿದೆ. ತಿರುಗಿ ಒಳಗೆ ಹೋದ. ನಿದ್ದೆಗಣ್ಣು, ಏನೂ ಕಂಡಿರಲಾರ ಎಂದುಕೊಂಡು ನಾನು ಬಸ್ಸಿಗೆ ಓಡಿದೆ.

ಸೇತುವೆಯ ಮೇಲೆ ನಡೆಯುವಾಗ ಚೀಲದಲ್ಲಿ ಸದ್ದೇ ಇರಲಿಲ್ಲ. ಅದು ಕೂಗಿದ್ದರೆ ನಾನು ಹಿಂದೆ ಬರುತ್ತಿದ್ದೆನೋ ಏನೋ, ಈಗ ಹಾಗೆ ಹೇಳುವುದು ಸುಲಭ. ಆಚೆ ದಡದಲ್ಲಿ ಮೀನು ಮಾರುವ ಒಂದು ಕಟ್ಟೆಯಿತ್ತು. ಅದರ ಹಿಂದೆ ಚೀಲ ಬಾಗಿಸಿದೆ. ಪುಚ್ಚೆ ಮೈ ಮುರಿಯುತ್ತ ಹೊರಗೆ ಬಂದು, ಸುತ್ತ ನೋಡಿ, ನಾನು ಹೊರಟಾಗ ನನ್ನ ಹಿಂದೆಯೇ ಬಂತು. ನಾನು ನಿಂತರೆ ಅದೂ ನಿಂತಿತು. ಕಲ್ಲು ಎತ್ತಿದಂತೆ ಮಾಡಿದೆ. ಆಗ ಕುಳಿತುಕೊಂಡಿತು. ಮೀನಿಗೆ ಕಡಿಮೆಯಿಲ್ಲ, ರಾಜಭೋಗ ಎಂದು ನನಗೆ ನಾನೇ ಹೇಳಿಕೊಂಡು ಮುಂದೆ ನಡೆದೆ.

ಸಂಜೆ ಮೋರಿಕಟ್ಟೆಯ ಮೇಲೆ ಇಬ್ಬರೂ ಇದ್ದರು. ಮಗಳು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಪುಚ್ಚೆ ಕಾಣುವುದಿಲ್ಲ, ನೀನು ದಾರಿಯಲ್ಲಿ ಎಲ್ಲಾದರೂ ನೋಡಿದೆಯಾ ಎಂದು ಕೇಳಿದಳು. ಇಲ್ಲವಲ್ಲ, ದೊಡ್ಡದಾಯಿತಲ್ಲ, ಎಲ್ಲಿಗೋ ಹೋಗಿರಬೇಕು ಎಂದೆ. ಮಗ ನನ್ನ ಮೋರೆಯನ್ನೇ ನೋಡುತ್ತಿದ್ದವನು ಹತ್ತಿರ ಬಂದು ನನ್ನ ಬೆರಳು ಹಿಡಿದುಕೊಂಡ. ನನಗೆ ಅಷ್ಟು ಸಾಕಾಯಿತು. ಸುಳ್ಳು ಹೇಳಿದ ನಾಚಿಕೆ ಅಂಗಳ ದಾಟುವುದರೊಳಗೆ ಆರಿಹೋಯಿತು.

ಆಮೇಲಿನ ದಿನಗಳಲ್ಲಿ ನಾನು ಮಹಾ ಖುಷಿಯಲ್ಲಿದ್ದೆ. ಮಗ ಬೇರೆಯೇ ಹುಡುಗನಾದ. ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ಸ್ನಾನಕ್ಕೆ ಕರೆದರೆ ಓಡಿ ಬರುತ್ತಿದ್ದ. ಅಕ್ಕನ ಸ್ಲೇಟು ಮುಟ್ಟುತ್ತಿರಲಿಲ್ಲ. ಅಂಗಿ ಕೊಳೆಯಾದರೆ ತಾನೇ ಬಂದು ತೋರಿಸುತ್ತಿದ್ದ. ಸಂಜೆ ನಾನು ಬಂದ ಮೇಲೆ ಮಲಗುವವರೆಗೂ ನನ್ನ ಸೆರಗು ಬಿಡುತ್ತಿರಲಿಲ್ಲ. ಪುಚ್ಚೆಯ ಸುದ್ದಿಯನ್ನೇ ಎತ್ತಲಿಲ್ಲ. ಮಗಳು ಅಳುವಾಗ ಎದ್ದು ಬೇರೆ ಕಡೆ ಹೋಗುತ್ತಿದ್ದ. ನೋಡಿ, ಎಲ್ಲ ಆ ಬೆಕ್ಕಿನಿಂದ ಕೆಟ್ಟಿದ್ದು, ಈಗ ಸರಿಯಾದ ಎಂದು ಅತ್ತೆಗೆ ಕೇಳುವ ಹಾಗೆ ಹೇಳಿದೆ. ಅತ್ತೆ ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದರು. ಬೂತಾಯಿ ಖಾಲಿಯಾದದ್ದನ್ನು ಅವರು ಆ ದಿನವೇ ಕಂಡಿದ್ದರೆಂದು ನನಗೆ ಗೊತ್ತಿತ್ತು.

ಮಗಳ ಮೋರೆ ನೋಡಲಾಗದೆ ಒಂದು ಮಧ್ಯಾಹ್ನ ಮೀನಿನ ಕಟ್ಟೆಯ ಬಳಿ ಹೋಗಿ ಕೇಳಿದ್ದುಂಟು. ಮೀನಿನವರು, ಬಿಳಿ ಕಿವಿಯದ್ದಲ್ಲವಾ ನರ್ಸಮ್ಮ, ಎರಡು ದಿನ ಇಲ್ಲೇ ಸುತ್ತಿತು, ಆಮೇಲೆ ಮರಳಿನ ಲಾರಿಯವರು ಯಾರೋ ಎತ್ತಿಕೊಂಡು ಹೋದರು ಎಂದರು. ಯಾವ ಊರಿನ ಲಾರಿಯೋ ಅವರಿಗೆ ಗೊತ್ತಿರಲಿಲ್ಲ. ಇನ್ನು ಅದು ಸಿಗುವುದಿಲ್ಲ ಎಂದಾಗ ನನಗೆ ಹಗುರವೇ ಆಯಿತು. ಬೇಕೆಂದರೂ ಹಿಂದೆ ತರಲಾಗದ ವಸ್ತುವಿನ ಬಗ್ಗೆ ಯೋಚಿಸುವುದು ಯಾಕೆ?

ಆ ತಿಂಗಳ ಕೊನೆಗೆ ನಮ್ಮ ಉಪಕೇಂದ್ರದಲ್ಲಿ ಶಿಶು ಪ್ರದರ್ಶನವಿತ್ತು. ಐದು ವರ್ಷದೊಳಗಿನ ಮಕ್ಕಳನ್ನು ತೂಗಿ, ಹಲ್ಲು ಉಗುರು ನೋಡಿ, ಚೆನ್ನಾಗಿ ಬೆಳೆದ ಮಗುವಿಗೆ ಸ್ಟೀಲಿನ ಲೋಟ ಕೊಡುತ್ತಿದ್ದರು. ನನ್ನ ಮಗನಿಗೆ ಬಹುಮಾನ ಕೊಡುವ ಹಾಗಿರಲಿಲ್ಲ, ಆದರೆ ಕರೆದುಕೊಂಡು ಹೋಗಿ ತೋರಿಸಲು ಏನು ಅಡ್ಡಿ? ನನ್ನನ್ನು ಕಂಡು ಅಟ್ಟ ಹತ್ತುವ ಮಕ್ಕಳ ತಾಯಂದಿರು ನೋಡಲಿ, ಸೆರಗು ಹಿಡಿದು ನಡೆಯುವ ಮಗು ನನಗೂ ಇದೆ ಎಂದು. ಹಿಂದಿನ ದಿನವೇ ಪುತ್ತೂರಿನಿಂದ ಹೊಸ ಅಂಗಿ ತಂದೆ. ಯಾರಿಗೂ ಹೇಳಲಿಲ್ಲ, ಬೆಳಿಗ್ಗೆ ಅವನಿಗೆ ಆಶ್ಚರ್ಯವಾಗಲಿ ಎಂದು.

ಬೆಳಿಗ್ಗೆ ಬೇಗ ಎಬ್ಬಿಸಿದೆ. ಮೀಯಿಸಿ, ಅಂಗಿ ತೊಡಿಸಿ, ತಲೆ ಬಾಚಿದೆ. ಮಧ್ಯಾಹ್ನ ಊಟ ತಡವಾಗಬಹುದೆಂದು ಮೀನು ಕಾಯಿಸಿ, ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ಅಡಿಗೆಮನೆಯ ಮಣೆಯ ಮೇಲೆ ಅವನನ್ನು ಮಡಿಲಿಗೆ ಎಳೆದುಕೊಂಡು ತುತ್ತು ಕೊಡಲು ಕುಳಿತೆ. ಎಷ್ಟೋ ದಿನಗಳ ಆಸೆ ಅದು. ಅತ್ತೆ ಒಲೆಯ ಮುಂದೆ ಇದ್ದರು. ಮೊದಲ ತುತ್ತು ನುಂಗಿದ. ಎರಡನೆಯದನ್ನೂ ನುಂಗಿದ. ಮೂರನೆಯದು ಬಾಯಲ್ಲೇ ಉಳಿಯಿತು. ಅವನು ಬಾಗಿಲ ಬಳಿ ಇದ್ದ ನನ್ನ ಬಟ್ಟೆ ಚೀಲವನ್ನು ನೋಡುತ್ತಿದ್ದ.

"ಉಣ್ಣು ಮಗಾ, ಇವತ್ತು ನೀನು ನನ್ನೊಟ್ಟಿಗೆ ಹೊಳೆ ಆಚೆಗೆ ಬರುದು," ಎಂದೆ.

ಅವನು ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದ. ಉಗುಳಿದರೆ ಎಲ್ಲಿ ತಪ್ಪಾಗುತ್ತದೋ ಎಂದು ನುಂಗಿದ್ದು ಅದು, ನನಗೆ ಕಾಣುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದ.

"ಅಮ್ಮ, ನಾನೀಗ ಹಠ ಮಾಡುದೇ ಇಲ್ಲ. ದಿನಾ ಎಲ್ಲ ಉಣ್ಣುತ್ತೇನೆ. ಬೇಕಾದರೆ ಅಜ್ಜಿ ಹತ್ರ ಕೇಳು. ನನ್ನನ್ನು ಹೊಳೆ ದಾಟಿಸ್ಬೇಡ."

ಅತ್ತೆ ಒಲೆಯ ಕಡೆಗೇ ಮೋರೆ ಮಾಡಿ ಕೂತಿದ್ದರು. ಸೌಟು ನಿಂತಿತ್ತು. ನನ್ನ ಕೈಯಲ್ಲಿದ್ದ ತುತ್ತನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಅವನ ಒಂದೊಂದು ಒಳ್ಳೆಯ ದಿನವೂ ನನ್ನ ಕಣ್ಣ ಮುಂದೆ ಬಂತು. ಅಗುಳು ಬಿಡದ ತಟ್ಟೆ, ಮುಟ್ಟದ ಸ್ಲೇಟು, ತಾನಾಗಿ ಬಂದು ತೋರಿಸಿದ ಕೊಳೆ ಅಂಗಿ. ನಾನು ಗೆದ್ದೆನೆಂದು ಕುಣಿದಾಡಿದ್ದ ಅಷ್ಟೂ ದಿನ ನಾಲ್ಕು ವರ್ಷದ ಮಗು ತನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತಿತ್ತು.

ನಾನು ಕೈಯನ್ನು ಸೀರೆಗೇ ಒರೆಸಿಕೊಂಡೆ. ಇಲ್ಲ ಮಗಾ, ಎಲ್ಲಿಗೂ ಬಿಡುವುದಿಲ್ಲ, ಸಂಜೆ ಒಟ್ಟಿಗೆ ಬರುವುದು, ಎಂತ ಆಗುವುದಿಲ್ಲ ಎಂದೆ.

"ಪುಚ್ಚೆಗೂ ಹಾಗೇ ಹೇಳಿದ್ದಿ," ಎಂದ.

ಅವನ ಸ್ವರದಲ್ಲಿ ದೂರು ಇರಲಿಲ್ಲ. ತಾನು ನೋಡಿದ್ದನ್ನು ಹೇಳಿದ, ಅಷ್ಟೇ. ಪುಚ್ಚೆ ಇನ್ನೂ ಮೀನಿನ ಕಟ್ಟೆಯ ಹತ್ತಿರ ಇದೆ, ಬಾ ತೋರಿಸುತ್ತೇನೆ ಎನ್ನಲು ಬಾಯಿ ತೆರೆದೆ. ಅದು ಅಲ್ಲಿ ಇರಲಿಲ್ಲವಲ್ಲ. ಎಲ್ಲಿ ಎಂದು ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ನಾನು ಬರೀ ಅವನನ್ನು ಎತ್ತಿಕೊಂಡೆ. ಅವನು ಕೊಸರಲಿಲ್ಲ, ಅಳಲಿಲ್ಲ. ಎರಡೂ ಕೈಗಳನ್ನು ನನ್ನ ಕುತ್ತಿಗೆಗೆ ಹಾಕಿ, ಬಿಟ್ಟರೆ ಬಿದ್ದೇ ಹೋಗುತ್ತೇನೆ ಎನ್ನುವಂತೆ ಬಿಗಿದುಕೊಂಡ. ಅಷ್ಟು ಗಟ್ಟಿಯಾಗಿ ಅವನು ನನ್ನನ್ನು ಹಿಂದೆಂದೂ ಅಪ್ಪಿರಲಿಲ್ಲ.

ಮಾರ್ಗದಲ್ಲಿ ನನ್ನ ಬಸ್ಸು ಬಂದು ನಿಂತಿತು, ಹಾರನ್ ಮಾಡಿತು, ಹೋಯಿತು. ಎರಡು ತಿಂಗಳು ನಾನು ಒಂದು ಬೆಕ್ಕಿನ ಮರಿಯ ಮೇಲೆ ಹೊಟ್ಟೆ ಉರಿಸಿಕೊಂಡದ್ದು ಇಂಥದ್ದೊಂದು ಅಪ್ಪುಗೆಗಾಗಿ. ಅದು ಸಿಕ್ಕಿತ್ತು. ಅವನ ಕೈ ಸಡಿಲವಾಗಲಿ ಎಂದು ಕಾಯುತ್ತ ನಾನು ಅಡಿಗೆಮನೆಯಲ್ಲಿ ನಿಂತೇ ಇದ್ದೆ.